ಸಾಲ ತೀರಿತು, ಕಾರ್ಖಾನೆ ಉಳಿಯಲಿಲ್ಲ

ಬೋರ್ಗ್‌ವಾರ್ಡ್ ಇಸಾಬೆಲ್ಲಾ ಕಾರಿನ ಮಾತು ಬಂದರೆ ಅದರ ಅಭಿಮಾನಿಗಳು ಒಂದು ವಾದವನ್ನು ತಪ್ಪದೇ ಹೂಡುತ್ತಾರೆ. 1961ರಲ್ಲಿ ದಿವಾಳಿಯಾದ ಈ ಜರ್ಮನ್ ಕಂಪನಿಯ ಆಸ್ತಿ ಮಾರಿದಾಗ ಸಾಲ ಕೊಟ್ಟವರಿಗೆಲ್ಲ ಪೂರ್ತಿ ಹಣ ಸಿಕ್ಕಿತು. ಅಂದಮೇಲೆ ಅದು ದಿವಾಳಿಯೇ ಆಗಿರಲಿಲ್ಲ, ಯಾರೋ ಬೇಕೆಂದೇ ಮುಗಿಸಿದರು ಎನ್ನುವುದು ಅವರ ತೀರ್ಮಾನ.

ಹಣ ಸಿಕ್ಕಿದ್ದು ನಿಜ. ತೀರ್ಮಾನ ಮಾತ್ರ ಅವಸರದ್ದು.

ಕಾರು ಒಳ್ಳೆಯದಿತ್ತು, ಅದರಲ್ಲಿ ಎರಡು ಮಾತಿಲ್ಲ. 1954ರಲ್ಲಿ ಬ್ರೆಮೆನ್ ನಗರದಲ್ಲಿ ತಯಾರಾಗತೊಡಗಿದ ಇಸಾಬೆಲ್ಲಾ, ಯುದ್ಧದ ಅವಶೇಷಗಳಿಂದ ಆಗತಾನೇ ಮೇಲೆದ್ದಿದ್ದ ಮಧ್ಯಮ ವರ್ಗದ ಕನಸಿನ ಬಂಡಿ. ಒಂದೂವರೆ ಲೀಟರ್ ಎಂಜಿನ್, 60 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್. ಬಾಗಿಲು ಎರಡೇ ಆದರೂ ಸಂಸಾರಕ್ಕೆ ಸಾಕಾಗುವಷ್ಟು ಜಾಗ. ಹೆಸರಿನ ಕಥೆಯೂ ಚೆನ್ನಾಗಿದೆ. ಪರೀಕ್ಷೆಗೆ ಹೊರಡುವ ಕಾರಿನ ಮೇಲೆ ಗುಟ್ಟು ಬಿಡದ ಹಾಗೆ ಏನು ಬರೆಯಬೇಕೆಂದು ಕೇಳಿದಾಗ, ಕಂಪನಿಯ ಒಡೆಯ ಕಾರ್ಲ್ ಬೋರ್ಗ್‌ವಾರ್ಡ್ ‘ಏನಾದರೂ ಬರೀರಿ, ಇಸಾಬೆಲ್ಲಾ ಅಂತಲಾದರೂ ಬರೀರಿ’ ಎಂದರಂತೆ. ಕಂಪನಿ ಇಟ್ಟ ಹೆಸರು ಹಾನ್ಸಾ 1500. ಜನ ಕರೆದದ್ದು ಇಸಾಬೆಲ್ಲಾ, ಕೊನೆಗೆ ಕಂಪನಿಯೂ ಅದನ್ನೇ ಒಪ್ಪಿಕೊಂಡಿತು. ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು.

ಆದರೆ ಬೋರ್ಗ್‌ವಾರ್ಡ್‌ಗೆ ಒಂದರಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಬೋರ್ಗ್‌ವಾರ್ಡ್, ಗೋಲಿಯಾತ್, ಲಾಯ್ಡ್ ಎಂದು ಮೂರು ಕಂಪನಿ, ಒಂದೊಂದಕ್ಕೂ ಬೇರೆ ಬೇರೆ ಎಂಜಿನ್, ಬೇರೆ ಬೇರೆ ಬಿಡಿಭಾಗ. ಹೊಸ ಕಾರುಗಳನ್ನು ಪಕ್ವವಾಗುವ ಮೊದಲೇ ಪೇಟೆಗೆ ಬಿಡುವ ಚಾಳಿ ಬೇರೆ. ಮೊದಮೊದಲ ಇಸಾಬೆಲ್ಲಾಗಳಿಗೂ ಆ ಗತಿ ಬಂದಿತ್ತು. 1959ರ ಅರಾಬೆಲ್ಲಾ ಮಳೆಯಲ್ಲಿ ಸೋರುತ್ತಿತ್ತು. ಜನ ಅದನ್ನು ‘ಅಕ್ವಾಬೆಲ್ಲಾ’ ಎಂದು ಆಡಿಕೊಂಡರು. (ಲ್ಯಾಟಿನ್ನಿನಲ್ಲಿ ಅಕ್ವಾ ಎಂದರೆ ನೀರು.) ಅಷ್ಟರಲ್ಲಿ ಅಮೆರಿಕದ ಬೇಡಿಕೆ ಕುಸಿಯಿತು, ಮಾರಾಟವಾಗದ ಕಾರುಗಳು ಅಂಗಳದಲ್ಲಿ ನಿಂತವು. ಜಾಗ, ಯಂತ್ರ, ಕಟ್ಟಡ ಎಲ್ಲ ಇದೆ, ತಿಂಗಳ ಸಂಬಳಕ್ಕೆ ರೊಕ್ಕ ಇಲ್ಲ. ಹೊಲ ಇದ್ದವನೂ ಬಿತ್ತನೆ ಹೊತ್ತಿಗೆ ಕೈಸಾಲಕ್ಕೆ ಅಲೆಯುವುದಿಲ್ಲವೇ? ಆಸ್ತಿಯೆಲ್ಲ ಮಾರಿ ಸಾಲ ತೀರಿಸಬಹುದು ಎಂಬುದರಿಂದ ಕಾರ್ಖಾನೆ ನಡೆಯುತ್ತಿತ್ತು ಎಂದು ಸಾಬೀತಾಗುವುದಿಲ್ಲ.

ಹಾಗೆಂದು ಬ್ರೆಮೆನ್ ಸರ್ಕಾರದ ಕೈ ಚೊಕ್ಕಟವಾಗಿತ್ತೆಂದೂ ಅಲ್ಲ. 1961ರ ಫೆಬ್ರುವರಿಯಲ್ಲಿ ಕಂಪನಿಯನ್ನು ಒಡೆಯನಿಂದ ಬರೆಸಿಕೊಂಡ ಸರ್ಕಾರ ಅದರ ಉಸ್ತುವಾರಿಗೆ ತಂದದ್ದು ಯೊಹಾನೆಸ್ ಜೆಮ್ಲರ್ ಎಂಬುವವರನ್ನು. ಅವರು ಬಿಎಂಡಬ್ಲ್ಯುವಿನ ಮೇಲ್ವಿಚಾರಣಾ ಮಂಡಳಿಯಲ್ಲೂ ಇದ್ದವರು. ಅದೇ ವರ್ಷ ಬಿಎಂಡಬ್ಲ್ಯು, ಇಸಾಬೆಲ್ಲಾ ಬಿಟ್ಟುಹೋಗುತ್ತಿದ್ದ ಜಾಗಕ್ಕೇ ಸರಿಹೊಂದುವ ತನ್ನ 1500 ಕಾರನ್ನು ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿಟ್ಟಿತು. ಸಂಚು ಎನ್ನಲು ಇಷ್ಟು ಸಾಲದು. ಆದರೆ ಸುಮಾರು 20,000 ಜನರ ಅನ್ನದ ಪ್ರಶ್ನೆ ಎದುರಿದ್ದಾಗ, ಪ್ರತಿಸ್ಪರ್ಧಿಯ ಮನೆಯಲ್ಲೂ ಕಾಲಿಟ್ಟವರನ್ನು ಕರೆತಂದದ್ದು ತಪ್ಪೇ. ಸಂಚಿನ ಕಥೆ ಇಂದಿಗೂ ಬದುಕಿರುವುದಕ್ಕೆ ಆ ನೇಮಕವೇ ದೊಡ್ಡ ಕಾರಣ.

ಕಾರ್ಲ್ ಬೋರ್ಗ್‌ವಾರ್ಡ್ 1963ರಲ್ಲಿ ತೀರಿಕೊಂಡರು. ಇಸಾಬೆಲ್ಲಾ ತಯಾರಾಗುತ್ತಿದ್ದ ಜೆಬಾಲ್ಡ್ಸ್‌ಬ್ರ್ಯೂಕ್‌ನ ಜಾಗದಲ್ಲಿ ಈಗ ಮರ್ಸಿಡಿಸ್ ಕಾರುಗಳು ತಯಾರಾಗುತ್ತವೆ.