ತುಂಬಿದ ಹೊಟ್ಟೆಯ ಸಾವು

ನನ್ನ ಆಪಾಳ ಮಗಳು ಮದುವೆಯಾಗಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ್ದಾಳೆ. ಅವಳ ಮನೆ ಊರಿನ ಅಂಚಿನಲ್ಲಿದೆ. ಹಿತ್ತಿಲು ಮುಗಿಯುವಲ್ಲಿಂದಲೇ ಕಾಡು. 2022ರ ಫೆಬ್ರವರಿಯಲ್ಲಿ ಒಂದು ದಿನ ಅವಳು ವೀಡಿಯೋ ಕಳಿಸಿದಳು. ಎಲ್ಲಿ ನೋಡಿದರೂ ಹಿಮ. ಅದರ ನಡುವೆ ಐದಾರು ಜಿಂಕೆಗಳು, ಅವುಗಳ ಹಿಂದೆ ಒಂದು ಸಣ್ಣ ಮರಿ. "ಖಾಲಾ, ಪಾಪ ಇವುಗಳಿಗೆ ತಿನ್ನಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಮೆಕ್ಕೆಜೋಳದ ಚೀಲ ತಂದು ಸುರಿಯುತ್ತಿದ್ದೇನೆ. ಒಳ್ಳೆಯದಲ್ವಾ?" ಎಂದು ಕೇಳಿದಳು. ನಾನು ಹಿಂದುಮುಂದು ಯೋಚಿಸಲಿಲ್ಲ. "ತುಂಬಾ ಒಳ್ಳೆಯದು ಬೇಟಿ. ಮೂಕಪ್ರಾಣಿಗೆ ಉಣಿಸುವುದೂ ಸದಕಾ. ನಿಲ್ಲಿಸಬೇಡ" ಎಂದೆ.

ನಾಲ್ಕನೇ ದಿನ ಮತ್ತೆ ಫೋನ್ ಬಂತು. ಮಾತಿಗಿಂತ ಅಳುವೇ ಹೆಚ್ಚಿತ್ತು. ಆ ಮರಿ ಬೇಲಿಯ ಬಳಿ ಸತ್ತು ಬಿದ್ದಿತ್ತಂತೆ. ಹೊಟ್ಟೆ ಡೊಳ್ಳಿನಂತೆ ಉಬ್ಬಿತ್ತಂತೆ. ಪಕ್ಕದ ಮನೆಯ ವೃದ್ಧರೊಬ್ಬರು ಬಹುಕಾಲ ದನ ಸಾಕಿದವರು. ಅವರು ಮರಿಯನ್ನೂ ನೋಡಿದರು, ಜೋಳದ ರಾಶಿಯನ್ನೂ ನೋಡಿದರು. "ಇದು ಹಸಿವಿನಿಂದ ಸತ್ತಂತೆ ಕಾಣುವುದಿಲ್ಲ, ನೀವು ಹಾಕಿದ್ದನ್ನು ತಿಂದು ಸತ್ತಿರಬೇಕು" ಎಂದರಂತೆ. "ಖಾಲಾ, ನಾನೇ ಕೊಂದೆನಾ?" ಎಂದು ಅವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಿಲ್ಲಿಸಬೇಡ ಎಂದು ಹೇಳಿದವಳು ನಾನೇ ತಾನೇ?

ಆ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ನಮ್ಮೂರಿನದೇ ಒಂದು ಸಂಗತಿ ನೆನಪಾಯಿತು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಬಕೆಟುಗಟ್ಟಲೆ ಹಸುವಿನ ಮುಂದೆ ಸುರಿದು, ಮರುದಿನ ಹಸು ಹೊಟ್ಟೆಯುಬ್ಬರದಿಂದ ಒದ್ದಾಡಿದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅಕ್ಕಿ ಚೀಲಕ್ಕೆ ಬಾಯಿ ಹಾಕಿದ ಆಡು ಬೆಳಗಾಗುವಷ್ಟರಲ್ಲಿ ಸತ್ತದ್ದನ್ನೂ ಕೇಳಿರುತ್ತೀರಿ. ಜಿಂಕೆಯೂ ಅವುಗಳಂತೆಯೇ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲ ದೊಡ್ಡ ಕೋಣೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು ವಾಸವಾಗಿವೆ. ಮೇವನ್ನು ಕರಗಿಸಿ ಕೊಡುವವು ಅವೇ. ಜಿಂಕೆ ತಿನ್ನುವ ಮೇವು ಬದಲಾದಂತೆ ಈ ಜೀವಾಣುಗಳೂ ಬದಲಾಗಬೇಕು. ಅದಕ್ಕೆ ವಾರಗಳೇ ಬೇಕು. ಚಳಿಗಾಲದಲ್ಲಿ ಅದರ ಹೊಟ್ಟೆ ಒಣ ಕಡ್ಡಿ, ಮೊಗ್ಗು, ತೊಗಟೆಗಳಿಗೆ ಹೊಂದಿಕೊಂಡಿರುತ್ತದೆ. ಅಂಥ ಹೊಟ್ಟೆಗೆ ಒಮ್ಮೆಲೇ ಜೋಳದ ಪಿಷ್ಟ ಬಿದ್ದರೆ ಅದು ಹುಳಿಯಾಗಿ ಆಮ್ಲ ಉಕ್ಕುತ್ತದೆ. ಆಮ್ಲ ರಕ್ತಕ್ಕೂ ಸೇರುತ್ತದೆ, ಮೈಯ ನೀರು ಬತ್ತುತ್ತದೆ, ಒಂದೆರಡು ದಿನಗಳಲ್ಲಿ ಪ್ರಾಣಿ ಸಾಯುತ್ತದೆ. ಹೊಟ್ಟೆ ಕೊಯ್ದು ನೋಡಿದರೆ ತುಂಬಾ ಜೋಳ! ಬಹಳ ದಿನ ಉಪವಾಸ ಬಿದ್ದ ಮನುಷ್ಯನಿಗೂ ವೈದ್ಯರು ಮೊದಲ ದಿನವೇ ಬಿರಿಯಾನಿ ಕೊಡಲು ಬಿಡುವುದಿಲ್ಲವಲ್ಲ.

ಹಾಗಾದರೆ ಆ ಹಿಮದಲ್ಲಿ ಜಿಂಕೆ ಬದುಕುವುದು ಹೇಗೆ? ನನಗೂ ಇದೇ ಪ್ರಶ್ನೆ ಇತ್ತು. ಅಲ್ಲಿಯ ಬಿಳಿಬಾಲದ ಜಿಂಕೆ ಬೇಸಿಗೆ ಮುಗಿದ ಕೂಡಲೇ ಚಳಿಗಾಲದ ಬುತ್ತಿ ಕಟ್ಟಲು ತೊಡಗುತ್ತದೆ. ಆ ಬುತ್ತಿ ಇರುವುದು ಅದರ ಚರ್ಮದ ಕೆಳಗೆ, ಕೊಬ್ಬಿನ ರೂಪದಲ್ಲಿ. ಓಕ್ ಮರದ ಕಾಯಿಗಳನ್ನು ತಿಂದು ಮೈ ಬೆಳೆಸಿಕೊಳ್ಳುತ್ತದೆ. ಒಳಗೆ ಟೊಳ್ಳಾದ ದಪ್ಪ ಕೂದಲಿನ ಹೊಸ ಹೊದಿಕೆ ಬೆಳೆಯುತ್ತದೆ. ಅದು ಎಷ್ಟು ಬೆಚ್ಚಗೆಂದರೆ ಬೆನ್ನ ಮೇಲೆ ಬಿದ್ದ ಹಿಮ ಕರಗದೆ ಹಾಗೆಯೇ ಉಳಿಯುತ್ತದೆ. ಹಿಮ ದಟ್ಟವಾದಾಗ ಎಲೆ ಉದುರಿಸದ ಸೀಡರ್, ಹೆಮ್ಲಾಕ್ ಮರಗಳ ಕೆಳಗೆ ಗುಂಪಾಗಿ ಸೇರುತ್ತವೆ. ಓಡಾಟ ಕಡಿಮೆ, ತಿನ್ನುವುದೂ ಕಡಿಮೆ. ಮೈತೂಕದ ಐದರಲ್ಲೊಂದು ಪಾಲು ಇಳಿದರೂ ಅದು ವಸಂತವನ್ನು ಕಾಣಬಲ್ಲದು. ನಮ್ಮ ಕಣ್ಣಿಗೆ ಸೊರಗಿದಂತೆ ಕಂಡದ್ದು ಅದರ ಪಾಲಿಗೆ ಲೆಕ್ಕಾಚಾರದ ಮಿತವ್ಯಯ. ಮನೆಯ ಖರ್ಚು ನಿಭಾಯಿಸುವ ಗೃಹಿಣಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗೆಂದು ಎಲ್ಲವೂ ಬದುಕುತ್ತವೆ ಎಂದಲ್ಲ. ಕಠಿಣ ಚಳಿಗಾಲದಲ್ಲಿ ಮರಿಗಳು, ಮುದಿಯಾದವು ಸಾಯುತ್ತವೆ.

ಆದರೆ ಜೋಳದ ರಾಶಿ ಆ ಮರಿಗಳನ್ನೇ ಉಳಿಸುತ್ತದೆಯೇ ಎಂದರೆ ಅದೂ ಇಲ್ಲ. ರಾಶಿಯ ಬಳಿ ಬಲಿಷ್ಠ ಜಿಂಕೆಗಳದ್ದೇ ರಾಜ್ಯ. ಮುಂಗಾಲೆತ್ತಿ ಒದ್ದು ಮರಿಗಳನ್ನು ದೂರ ಓಡಿಸುತ್ತವೆ. ಮರದಡಿಯಲ್ಲಿ ಸುಮ್ಮನೆ ನಿಂತಿದ್ದರೆ ಉಳಿಯುತ್ತಿದ್ದ ಶಕ್ತಿಯನ್ನು ಮರಿ ಹಿಮದಲ್ಲಿ ನಡೆದು, ಒದೆ ತಿಂದು ಕಳೆದುಕೊಳ್ಳುತ್ತದೆ. ದಾರಿಯಲ್ಲಿ ಕಾರುಗಳ ಭಯ ಬೇರೆ.

ಎಲ್ಲಕ್ಕಿಂತ ದೊಡ್ಡದು ರೋಗ. ಒಂದೇ ರಾಶಿಗೆ ಹತ್ತಾರು ಬಾಯಿ, ಎಲ್ಲದರ ಜೊಲ್ಲೂ ಒಂದೇ ಕಡೆ. ಮಿಷಿಗನ್ನಿನ ಈಶಾನ್ಯ ಭಾಗದಲ್ಲಿ ಬೇಟೆಗಾರರು, ಬೇಟೆ ಕ್ಲಬ್ಬುಗಳು ಗಜ್ಜರಿ, ಬೀಟ್, ಜೋಳಗಳನ್ನು ಲಾರಿಗಟ್ಟಲೆ ಸುರಿಯುವುದು ರೂಢಿಯಾಗಿತ್ತು. 1994ರಲ್ಲಿ ಅಲ್ಲಿಯ ಕಾಡಿನ ಜಿಂಕೆಯಲ್ಲಿ ದನಗಳ ಕ್ಷಯರೋಗ ಪತ್ತೆಯಾಯಿತು. ಹುಡುಕಿದಷ್ಟೂ ಸಿಗುತ್ತಾ ಹೋಯಿತು. 1998ರಲ್ಲಿ ರೈತರ ದನದ ಹಟ್ಟಿಯಲ್ಲೂ ಕಂಡುಬಂತು. ಇದಕ್ಕಿಂತ ಭಯಾನಕವಾದುದು ಜಿಂಕೆಗಳ ಮಿದುಳನ್ನು ಸ್ಪಂಜಿನಂತೆ ತೂತುಮಾಡಿ ಸವೆಸಿ ಕೊಲ್ಲುವ ರೋಗ. 1967ರಲ್ಲಿ ಕೊಲರಾಡೋದಲ್ಲಿ ಸಾಕಿದ ಜಿಂಕೆಗಳಲ್ಲಿ ಮೊದಲು ಗಮನಕ್ಕೆ ಬಂದ ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ರೋಗಕ್ಕೆ ಕಾರಣವಾದ ಕೆಟ್ಟ ಪ್ರೋಟೀನು ಜೊಲ್ಲು, ಮೂತ್ರಗಳ ಮೂಲಕ ಮಣ್ಣು ಸೇರಿದರೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಮಿಷಿಗನ್ನಿನ ಕಾಡುಜಿಂಕೆಯಲ್ಲಿ ಇದು 2015ರಲ್ಲಿ ಕಂಡುಬಂತು. ಮನುಷ್ಯನಿಗೆ ಇದು ತಗಲಿದ ಉದಾಹರಣೆ ಸಿಕ್ಕಿಲ್ಲ, ಆದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬಾರದೆಂದು ಅಲ್ಲಿಯ ಆರೋಗ್ಯ ಇಲಾಖೆ ಎಚ್ಚರಿಸುತ್ತದೆ. 2019ರ ಜನವರಿ ಕೊನೆಯಿಂದ ರಾಜ್ಯದ ದಕ್ಷಿಣದ ದೊಡ್ಡ ಭಾಗದಲ್ಲಿ ಜಿಂಕೆಗಳಿಗೆ ಆಹಾರ ಹಾಕುವುದನ್ನೇ ನಿಷೇಧಿಸಲಾಯಿತು. ನಮ್ಮ ಹುಡುಗಿಗೆ ಅದು ಗೊತ್ತಿರಲಿಲ್ಲ. ಜೋಳ ಮಾರಿದ ಅಂಗಡಿಯವನೂ ಹೇಳಲಿಲ್ಲ. ಅವನೇಕೆ ಹೇಳುತ್ತಾನೆ!

ಒಮ್ಮೆ ಶುರುಮಾಡಿದರೆ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ವಯೋಮಿಂಗ್ ರಾಜ್ಯದ ಜಾಕ್ಸನ್ ಎಂಬ ಊರನ್ನು ನೋಡಬೇಕು. ಅಲ್ಲಿ ಎಲ್ಕ್ ಎಂಬ, ಕುದುರೆಯಷ್ಟು ಗಾತ್ರದ ಜಿಂಕೆಗಳಿವೆ. ಅವು ಚಳಿಗಾಲಕ್ಕೆ ಬೆಟ್ಟದಿಂದಿಳಿದು ಬರುತ್ತಿದ್ದ ಕಣಿವೆಯಲ್ಲಿ ಜನ ಊರು ಕಟ್ಟಿದರು, ಹೊಲ ಮಾಡಿದರು. ಕಳೆದ ಶತಮಾನದ ಆರಂಭದ ಕೆಟ್ಟ ಚಳಿಗಾಲಗಳಲ್ಲಿ ಅವು ಸಾವಿರಗಟ್ಟಲೆ ಸತ್ತವು. ಊರವರ ಕರುಳು ಚುರುಕ್ಕೆಂದಿತು, ತಮ್ಮ ದನದ ಹುಲ್ಲನ್ನೇ ಹಂಚಿದರು. 1912ರಲ್ಲಿ ಸರಕಾರ ಅಲ್ಲೊಂದು ಆಶ್ರಯಧಾಮ ಮಾಡಿ, ಹುಲ್ಲು, ಬಳಿಕ ಕುದುರೆ ಮಸಾಲೆ ಸೊಪ್ಪಿನ ಉಂಡೆಗಳನ್ನು ಹಾಕತೊಡಗಿತು. ನೂರು ವರ್ಷ ದಾಟಿದರೂ ಆ ರೂಢಿಯಿಂದ ಬಿಡಿಸಿಕೊಳ್ಳಲಾಗಲಿಲ್ಲ. ಸಾವಿರಾರು ಎಲ್ಕ್‌ಗಳು ಒಂದೇ ಬಯಲಲ್ಲಿ ಒತ್ತೊತ್ತಾಗಿ ನಿಂತು ತಿಂದವು. 2020ರಲ್ಲಿ ಪಕ್ಕದ ಗ್ರಾಂಡ್ ಟೀಟನ್ ಉದ್ಯಾನದ ಒಂದು ಎಲ್ಕ್‌ನಲ್ಲಿ ಆ ಮಿದುಳಿನ ರೋಗ ಸಿಕ್ಕಿತು. ನಿಲ್ಲಿಸಿದರೆ ಹಸಿವಿನ ಸಾವು, ಮುಂದುವರಿಸಿದರೆ ರೋಗದ ಸಾವು. ಅವುಗಳ ನೆಲ ಕಿತ್ತುಕೊಂಡು ಹುಲ್ಲು ಕೊಟ್ಟದ್ದನ್ನು ದಾನವೆನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಎಲ್ಲ ಸಂದರ್ಭದಲ್ಲೂ ಆಹಾರ ಕೊಡುವುದು ತಪ್ಪೆಂದಲ್ಲ. 2023ರ ಭಾರೀ ಹಿಮದ ಚಳಿಗಾಲದಲ್ಲಿ ಯೂಟಾ ರಾಜ್ಯದ ವನ್ಯಜೀವಿ ಇಲಾಖೆಯೇ ಕೆಲವೆಡೆ ಜಿಂಕೆಗಳಿಗೆ ಮೇವು ಕೊಟ್ಟಿತು. ಆದರೆ ಜಿಂಕೆಗಳ ಸ್ಥಿತಿಯನ್ನು ಪರೀಕ್ಷಿಸಿ, ಅವುಗಳ ಹೊಟ್ಟೆಗೆ ಒಗ್ಗುವಂತೆ ತಯಾರಿಸಿದ ಮೇವನ್ನು ಕೊಟ್ಟಿತು.

ಇಷ್ಟನ್ನೂ ತಿಳಿದುಕೊಂಡು ಅವಳಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಕೇಳಿ ತಿಳಿಯದೆ ಹೇಳಿದೆ ಎಂದೆ. "ಹಾಗಾದರೆ ನನ್ನ ಸದಕಾ?" ಎಂದಳು. ನಿಯ್ಯತ್ತನ್ನು ಅಲ್ಲಾಹನು ಬಲ್ಲ, ಆದರೆ ಉಳಿದ ಚೀಲವನ್ನು ಇಂದೇ ತೆಗೆದುಬಿಡು ಎಂದೆ. ಚೀಲ ಆ ವೃದ್ಧರ ಪರಿಚಯದವರ ಕೋಳಿಗಳಿಗೆ ಹೋಯಿತು. ಹಿಮ ಕರಗಿದ ಮೇಲೆ ಗಂಡ ಹೆಂಡತಿ ಸೇರಿ ಬೇಲಿಯಾಚೆಯ ತಮ್ಮ ಜಾಗದಲ್ಲಿ ನಾಲ್ಕು ಓಕ್ ಸಸಿ, ಆರು ಸೀಡರ್ ಸಸಿ ನೆಟ್ಟರು. ಅವು ಕಾಯಿ, ನೆರಳು ಕೊಡಲು ವರ್ಷಗಳೇ ಬೇಕು. ಅಷ್ಟರಲ್ಲಿ ಜಿಂಕೆಗಳೇ ಸಸಿಗಳನ್ನು ತಿಂದು ಮುಗಿಸುತ್ತವೆಂದು ಅವಳ ಗಂಡ ಸುತ್ತ ತಂತಿ ಬಲೆ ಕಟ್ಟಿದ್ದಾನೆ.

ಮೊದಲ ಕೆಲವು ಸಂಜೆ ಆ ಜಿಂಕೆಗಳು ಜೋಳ ಹಾಕುತ್ತಿದ್ದ ಜಾಗಕ್ಕೆ ಬಂದು ಕಿಟಕಿಯನ್ನೇ ನೋಡುತ್ತಾ ನಿಲ್ಲುತ್ತಿದ್ದವಂತೆ. ಅವಳು ಅಡುಗೆಮನೆಯ ದೀಪ ಆರಿಸಿ ಒಳಗೆ ಕುಳಿತಿರುತ್ತಿದ್ದಳು.