ಕಟ್ಟುವವರೂ ಕಾಯುವವರೂ

ಎಲ್ಲೋರದ ಕೈಲಾಸ ದೇವಾಲಯವನ್ನು ಕಂಡು ಬಂದ ಕನ್ನಡಿಗನು ಹೆಮ್ಮೆಪಡದೆ ಇರಲಾರನು. ಔರಂಗಾಬಾದ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ, 2023ರಿಂದ ಛತ್ರಪತಿ ಸಂಭಾಜಿನಗರವಾಗಿರುವ ಊರಿನಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಶಿಲ್ಪಿಗಳು ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಒಂದೇ ಬಂಡೆಯಲ್ಲಿ ಗುಡಿಯನ್ನು ತೆಗೆದರು. ನಾವೆಲ್ಲರೂ ಆ ಶಿಲ್ಪಿಗಳನ್ನು ಕೊಂಡಾಡುತ್ತೇವೆ, ಅದು ನ್ಯಾಯವೇ. ಆದರೆ ಇಂಥ ಸ್ಥಳಗಳಲ್ಲಿ ದೀಪ ಹಚ್ಚಿದವರು, ಕಸ ಗುಡಿಸಿದವರು, ಅಲ್ಲಿ ನೆಲೆಸಿದವರಿಗೆ ಅನ್ನ ವಸ್ತ್ರಗಳನ್ನು ಒದಗಿಸಿದವರು ಯಾರು ಎಂದು ಕೇಳುವವರು ವಿರಳ.

ಈ ಪ್ರಶ್ನೆಗೆ ಉತ್ತರವನ್ನು ಕಲ್ಲಿನಲ್ಲಿಯೇ ಕೆತ್ತಿಸಿಟ್ಟ ಒಂದು ಸ್ಥಳವುಂಟು. ಅದು ನಾಸಿಕದ ಹತ್ತಿರದ ಪಾಂಡವಲೇಣಿ. ಅಲ್ಲಿಯ ಹತ್ತನೆಯ ಗುಹೆಯನ್ನು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ, ನಹಪಾನ ರಾಜನ ಅಳಿಯನಾದ ಉಷವದಾತನು ಭಿಕ್ಷುಗಳಿಗೆ ದಾನಮಾಡಿದನು. ಗುಹೆಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದರ ಸಂಗಡ 3000 ಕಾರ್ಷಾಪಣಗಳ ಅಕ್ಷಯನಿಧಿಯನ್ನೂ ಇಟ್ಟನು. ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ. ಇನ್ನೊಂದು ಶ್ರೇಣಿಯಲ್ಲಿ 1000, ನೂರಕ್ಕೆ ಮುಕ್ಕಾಲಿನಂತೆ. ಮೊದಲನೆಯದರ ಬಡ್ಡಿ ವರ್ಷಕ್ಕೆ 240 ಆಯಿತು. ಮಳೆಗಾಲದಲ್ಲಿ ಅಲ್ಲಿ ತಂಗುವ 20 ಮಂದಿ ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ವಸ್ತ್ರದ ಹಣ. ಲೆಕ್ಕವು ಒಂದು ಕಾಸೂ ತಪ್ಪದೆ ಕೂಡುತ್ತದೆ. ಅಸಲನ್ನು ಮುಟ್ಟಕೂಡದು, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬುದು ಕರಾರು. ಗುಹೆಯಾದರೋ ನಾಲ್ಕು ದಿಕ್ಕುಗಳಿಂದ ಬರುವ ಸಂಘಕ್ಕೆಲ್ಲ ತೆರೆದದ್ದು.

ಗಣಕಯಂತ್ರದ ವಿಷಯ ಹೇಳಹೊರಟವನು ಈ ಹಳೆಯ ಶಾಸನವನ್ನೇಕೆ ತಂದೆನೆಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ನಾಲ್ಕು ದಿಕ್ಕಿನವರಿಗೂ ತೆರೆದ ಗುಹೆಯೊಂದು ನಮ್ಮ ಕಾಲದಲ್ಲಿಯೂ ಇದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಸುಮಾರು ಹತ್ತು ಸಾವಿರ ಸಾಲುಗಳಲ್ಲಿ ಬರೆದು ಜಗತ್ತಿನ ಮುಂದಿಟ್ಟ ಲಿನಕ್ಸ್ ಇಂದು ಮೂರು ಕೋಟಿ ಸಾಲುಗಳನ್ನು ಮೀರಿದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಅದೇ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕೇರಳದ ಸರಕಾರಿ ಶಾಲೆಗಳು ಇಂಥ ಮುಕ್ತ ವ್ಯವಸ್ಥೆಯನ್ನೇ ಆರಿಸಿಕೊಂಡಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕವನ್ನು ಕಲಿಯುವುದು ಇದರ ಮೇಲೆಯೇ.

ಒಮ್ಮೆ ಬರೆದುದನ್ನು ಮತ್ತೆ ಮತ್ತೆ ತಿದ್ದುವುದೇಕೆ? ಕಲ್ಲು ಮಳೆಗಾಳಿಗೆ ಸವೆಯುವಂತೆ ಅಕ್ಷರಗಳು ಸವೆಯುವುದಿಲ್ಲವಷ್ಟೆ. ನಿಜ, ಆದರೆ ಅದರ ಸುತ್ತಲಿನ ಲೋಕವು ಬದಲಾಗುತ್ತದೆ. ಹೊಸ ಯಂತ್ರಗಳು ಬರುತ್ತವೆ, ಹೊಸ ಕಳ್ಳರು ಬರುತ್ತಾರೆ, ಕಾಲವೇ ಸರಿಯುತ್ತದೆ. ಈ ವ್ಯವಸ್ಥೆಯು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿದೆ. ಹಳೆಯ ಬಗೆಯ 32 ಬಿಟ್ಟುಗಳ ಲೆಕ್ಕದಲ್ಲಿ ಆ ಎಣಿಕೆಗೆ 2038ರ ಜನವರಿ 19ರಂದು ಸ್ಥಳವೇ ಮುಗಿಯುತ್ತದೆ. ಆ ಕ್ಷಣದಲ್ಲಿ ಗಡಿಯಾರವು 1901ಕ್ಕೆ ಹಾರಿಬಿಡಬಲ್ಲುದು. ಇದನ್ನು ಸರಿಪಡಿಸಲು ಲಿನಕ್ಸಿನ ಪಾಲಕರು ಅನೇಕ ವರ್ಷ ದುಡಿದು, 2020ರ ಹೊತ್ತಿಗೆ ಅದರ ತಿರುಳನ್ನು ಸಿದ್ಧಪಡಿಸಿದರು. ನೀವು ಉದ್ಯೋಗಸ್ಥರಾಗಿರುವ ಆ ದಿನ, ಅವರ ಶ್ರಮ ಫಲಿಸಿದ್ದರೆ, ಏನೂ ಆಗುವುದಿಲ್ಲ. ಏನೂ ಆಗದಂತೆ ನೋಡಿಕೊಂಡವರಿಗೆ ಹಾರ ಹಾಕುವವರು ಯಾರು?

ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಈ ಕೆಲಸ ಮಾಡಿಸುತ್ತಿಲ್ಲವೆ ಎಂದು ಆಕ್ಷೇಪಿಸಬಹುದು. ಲಿನಕ್ಸಿನ ತಿರುಳಿನ ಮಟ್ಟಿಗೆ ಅದು ಬಹುಪಾಲು ಸತ್ಯ. ಆದರೆ ಅದರ ಸುತ್ತ ನೂರಾರು ಸಣ್ಣ ತಂತ್ರಾಂಶಗಳಿವೆ. ಅವುಗಳಲ್ಲಿ ಹಲವನ್ನು ಒಬ್ಬಿಬ್ಬರು ತಮ್ಮ ಬಿಡುವಿನಲ್ಲಿ, ಬಿಡಿಗಾಸಿಲ್ಲದೆ ಕಾಯುತ್ತಿದ್ದಾರೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬುದು ಅಂಥದೊಂದು. ಅದರ ಪಾಲಕನು ಒಬ್ಬಂಟಿ, ದಣಿದಿದ್ದವನು. ನೆರವಾಗುವೆನೆಂದು ಬಂದ ಅಪರಿಚಿತನೊಬ್ಬನು ಎರಡು ವರ್ಷಕ್ಕೂ ಮೇಲ್ಪಟ್ಟು ಒಳ್ಳೆಯ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಗಣಕವೊಂದನ್ನು ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚಾಗುತ್ತಿದೆಯಲ್ಲ ಎಂದು ಸಂಶಯಪಟ್ಟು ಅಗೆದು ನೋಡಿದುದರಿಂದ ಅನರ್ಥ ತಪ್ಪಿತು. ಅರ್ಧ ಸೆಕೆಂಡು! ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸುತ್ತಿದ್ದೆವು?

ಆದುದರಿಂದ, ಮುಕ್ತವೆಂದರೆ ಪುಕ್ಕಟೆ ಎಂದು ತಿಳಿದು ಬಳಸುತ್ತ ಹೋಗುವುದು ಉಂಡ ಮನೆಗೆ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇಲ್ಲಿ ಉಂಟು. ಪರದೆಯ ಮೇಲಿನ ಕನ್ನಡ ಅನುವಾದ ಅಸಂಬದ್ಧವಾಗಿದ್ದರೆ, ಒತ್ತಕ್ಷರವೊಂದು ತನ್ನ ಜಾಗದಲ್ಲಿ ಕೂರದಿದ್ದರೆ, ಅದನ್ನು ನಕ್ಕು ಬಿಡದೆ, ಯಾವ ಪದ, ಯಾವ ಅಕ್ಷರ, ಯಾವ ಆವೃತ್ತಿ ಎಂದು ಸ್ಪಷ್ಟವಾಗಿ ಬರೆದು ಪಾಲಕರಿಗೆ ತಿಳಿಸಬೇಕು. ಫಿನ್‌ಲೆಂಡಿನವರು ನಮ್ಮ ಒತ್ತಕ್ಷರವನ್ನು ನೋಡಿಕೊಳ್ಳಲಿ ಎಂದು ಕಾಯುತ್ತ ಕುಳಿತರೆ ಆದೀತೆ? ಕೈಲಾಸದ ಶಿಲ್ಪಿಯ ಉಳಿ ಒಮ್ಮೆ ತಪ್ಪಿದರೆ ಕಲ್ಲು ಮರಳಿ ಬಾರದು. ಇಲ್ಲಿಯಾದರೋ ಪ್ರತಿಯೊಂದು ತಿದ್ದುಪಡಿಯೂ ಮಾಡಿದವನ ಹೆಸರಿನೊಡನೆ ದಾಖಲಾಗಿ, ತಪ್ಪಾದರೆ ಹಿಂತೆಗೆಯಬಹುದಾಗಿದೆ. ಕಲಿಯುವವರಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ.

ಇನ್ನು ಹಣದ ಮಾತು. ಬೆಂಗಳೂರಿನ ಝೆರೋಧಾ ಕಂಪನಿಯು 2024ರಲ್ಲಿ ಇಂಥ ತಂತ್ರಾಂಶಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರು ಕೊಡುವ ಯೋಜನೆಯನ್ನು ಸಾರಿತು. ಶ್ಲಾಘನೀಯವೇ ಸರಿ. ಆದರೆ ವರ್ಷ ವರ್ಷದ ದಾನವು ದಾನಿಯ ಲಾಭನಷ್ಟವನ್ನು ಅವಲಂಬಿಸಿರುತ್ತದೆ. ಉಷವದಾತನ ಏರ್ಪಾಡು ಅವನ ಜೇಬನ್ನು ಅವಲಂಬಿಸಿರಲಿಲ್ಲ. ಮುಕ್ತ ವ್ಯವಸ್ಥೆಯನ್ನು ಬಳಸಿ ಪರವಾನಗಿ ಶುಲ್ಕವನ್ನು ಉಳಿಸಿಕೊಳ್ಳುವ ಸರಕಾರಗಳೂ ವಿಶ್ವವಿದ್ಯಾಲಯಗಳೂ ಆ ಉಳಿತಾಯದ ಒಂದು ಪಾಲನ್ನು ಅಸಲು ಮುಟ್ಟದ ನಿಧಿಯಾಗಿ ಏಕೆ ಇಡಬಾರದು? ಬಡ್ಡಿಯ ದರವನ್ನು ಬೇಕಾದರೆ ಆಮೇಲೆ ಚರ್ಚಿಸಲಿ. ಗೋವರ್ಧನದ ನೇಕಾರರು ತಿಂಗಳಿಗೆ ನೂರಕ್ಕೆ ಒಂದಕ್ಕೆ ಒಪ್ಪಿದ್ದರು.