ಎಲ್ಲರಿಗೂ ದೊಡ್ಡ ಪಗಾರ ಕೊಡಬೇಕಾ?

ಸಿಯಾಟಲ್‌ನ ಗ್ರಾವಿಟಿ ಪೇಮೆಂಟ್ಸ್ ಅನ್ನೋ ಕಂಪನಿಯ ಕಥೆ ನೀವು ಕೇಳಿರಬಹುದು. 2015ರ ಏಪ್ರಿಲ್‌ನಲ್ಲಿ ಅದರ ಮುಖ್ಯಸ್ಥ ಡ್ಯಾನ್ ಪ್ರೈಸ್, ಇನ್ನು ಮೂರು ವರ್ಷದೊಳಗೆ ನಮ್ಮ ನೌಕರರಲ್ಲಿ ಯಾರಿಗೂ ವರ್ಷಕ್ಕೆ 70,000 ಡಾಲರ್‌ಗಿಂತ ಕಡಿಮೆ ಸಂಬಳ ಇರಲ್ಲ ಅಂತ ಘೋಷಿಸಿದ. ಹತ್ತು ಲಕ್ಷ ಡಾಲರ್ ದಾಟಿದ್ದ ತನ್ನ ಸಂಬಳವನ್ನೂ ಅಷ್ಟಕ್ಕೇ ಇಳಿಸಿಕೊಂಡ. ಹೊಸಬರಿಗೂ ತಮಗೂ ಫರಕೇ ಉಳಿಯಲಿಲ್ಲ ಅಂತ ಹಳಬರು ಒಂದಿಬ್ಬರು ಬಿಟ್ಟು ಹೋದರು. ಕಂಪನಿಯೇನೂ ಮುಳುಗಲಿಲ್ಲ. (2022ರಲ್ಲಿ ಪ್ರೈಸ್ ಹುದ್ದೆ ಬಿಟ್ಟ, ಅದರ ಕಾರಣ ಬೇರೆ.)

ಇಲ್ಲೂ ಹಾಗೆ ಮಾಡಬೇಕಾ? ಮಾಡಬೇಕು ಅನ್ನೋದು ನನ್ನ ಮತ. ಆದರೆ "ಎಲ್ಲಾ ನೌಕರರು" ಅಂದರೆ ಯಾರು? ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಗೇಟ್ ಕಾಯುವವರು, ನೆಲ ಒರೆಸುವವರು, ಕ್ಯಾಂಟೀನಿನವರು ಬಹುತೇಕ ಕಂಟ್ರಾಕ್ಟರ್ ಕಡೆಯವರು. ಕೊರಳಲ್ಲಿ ನೇತಾಡೋ ಬ್ಯಾಡ್ಜಿನ ಬಣ್ಣವೇ ಬೇರೆ. ನಾಳೆ ಕಂಪನಿ "ನಮ್ಮಲ್ಲಿ ಕನಿಷ್ಠ ಸಂಬಳ ಆರು ಲಕ್ಷ" ಅಂದರೂ ಅವರಿಗೆ ಒಂದು ಪೈಸೆ ಹೆಚ್ಚಾಗಲ್ಲ. ಫೋಟೋ ಮಾತ್ರ ಪೇಪರಿನಲ್ಲಿ ಬರುತ್ತೆ :)

ಇನ್ನು ಗಜೇಂದ್ರಗಡಕ್ಕೆ ಬನ್ನಿ. ಅಲ್ಲಿ ಪಗಾರ ಅನ್ನೋ ಮಾತೇ ನೇಕಾರರಿಗೆ ಹೊಂದಲ್ಲ. ಸಾವಕಾರ ನೂಲು ಕೊಡ್ತಾನೆ, ಸೀರೆಗೆ ಇಷ್ಟು ಅಂತ ಮಜೂರಿ. ಕಂಡಿಕಿ ಸುತ್ತೋದು ಮನೆಯ ಹೆಣ್ಣುಮಕ್ಕಳು, ಮುದುಕರು. ಅವರಿಗೆ ಬೇರೆ ಕೂಲಿ ಇಲ್ಲ, ಎಲ್ಲಾ ಆ ಸೀರೆಯ ಲೆಕ್ಕದಲ್ಲೇ. ನೂಲು ಬರದಿದ್ದರೆ ಮಗ್ಗ ಸುಮ್ಮನೆ, ಜ್ವರ ಬಂದರೂ ಸುಮ್ಮನೆ. ಪಾವರ್‌ಲೂಮ್ ಆದರೆ ಕರೆಂಟ್ ಹೋದಾಗಲೂ ಅಷ್ಟೇ.

ಕಾನೂನು ಇಲ್ಲ ಅಂತಲ್ಲ. ದಿನಗೂಲಿಯ ಕನಿಷ್ಠ ದರ ನಿಗದಿಯಾಗಿರೋ ಕಡೆ, ತುಂಡು ಲೆಕ್ಕದ ಕೆಲಸಗಾರನಿಗೂ ಅದಕ್ಕಿಂತ ಕಡಿಮೆ ಕೊಡಬಾರದು ಅಂತ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲೂ ಇದೆ. ಆದರೆ ಮನೆಯೇ ಕಾರ್ಖಾನೆ ಆದಾಗ ತಾಸುಗಳನ್ನ ಎಣಿಸೋರು ಯಾರು? ಕಂಡಿಕಿ ಸುತ್ತಿದ ಅಜ್ಜಿಯ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ?

ರೋಣ, ನರಗುಂದದ ರೈತರಿಗೆ ಇದು ಹೊಸದಲ್ಲ. ಹೆಸರುಕಾಳಿಗೆ ಬೆಂಬಲ ಬೆಲೆ ಪ್ರತಿ ವರ್ಷ ಘೋಷಣೆ ಆಗುತ್ತೆ. ಖರೀದಿ ಕೇಂದ್ರ ತೆರೆಯೋದು ತಡವಾದರೆ, ಸಾಲ ಇರೋ ರೈತ ಕಾಯೋಕಾಗದೆ ಸಿಕ್ಕ ರೇಟಿಗೆ ಮಾರಿಬಿಡ್ತಾನೆ. ಕನಿಷ್ಠ ಪಗಾರವೂ ಘೋಷಣೆಯಲ್ಲೇ ನಿಂತರೆ ಇದೇ ಕಥೆ.

ಹಾಗಂತ ಗಜೇಂದ್ರಗಡದ ಸಣ್ಣ ಸಾವಕಾರನಿಗೆ ಸಿಯಾಟಲ್ ಉದಾಹರಣೆ ಕೊಟ್ಟು ಬೈಯೋದು ನನಗೆ ಸರಿ ಕಾಣಲ್ಲ. ಆ ಕಂಪನಿ ಕಾರ್ಡ್ ವ್ಯವಹಾರದಲ್ಲಿ ಕಮಿಷನ್ ಪಡೆಯುವಂಥದ್ದು. ಇವನ ಕೈಮಗ್ಗದ ಸೀರೆಗೆ ಮಿಲ್ಲಿನ ಅಗ್ಗದ ಸೀರೆ ಎದುರಾಳಿ. ಮಜೂರಿ ಒಮ್ಮೆಲೇ ಎರಡು ಪಟ್ಟು ಮಾಡು ಅಂದರೆ ಮಗ್ಗ ಮುಚ್ತಾನೆ, ನೇಕಾರ ಗೋವಾಕ್ಕೋ ಮಂಗಳೂರಿಗೋ ಬಸ್ ಹತ್ತುತ್ತಾನೆ. ಅಲ್ಲಿ ಆ ಅಂತರ ತುಂಬಬೇಕಾದ್ದು ಸರ್ಕಾರ, ಜೊತೆಗೆ ಸೀರೆ ಕೊಳ್ಳುವಾಗ ಚೌಕಾಸಿ ಮಾಡೋ ನಾವು.

ಶುರು ಮಾಡಬೇಕಾದವರು ಲಾಭ ಇರೋರು. ಫ್ರೆಶರ್‌ಗಳಿಗೆ 2010ರ ಆಸುಪಾಸು ಕೊಡ್ತಿದ್ದ ಮೂರು, ಮೂರೂವರೆ ಲಕ್ಷದ ಹತ್ತಿರವೇ ಇವತ್ತೂ ನಿಂತಿರೋ ದೊಡ್ಡ ಕಂಪನಿಗಳು. ಅವು ಮೊದಲು ಕಂಟ್ರಾಕ್ಟರ್ ಜೊತೆ ಮಾಡಿಕೊಳ್ಳೋ ಕರಾರಿನಲ್ಲಿ ನೆಲ ಒರೆಸುವವರ ಪಗಾರ ಎಷ್ಟಿರಬೇಕು ಅಂತ ಬರೆಸಲಿ. ನಿಮ್ಮ ಆಫೀಸಿನಲ್ಲಿ ಅವರಿಗೆ ಕೈಗೆ ಎಷ್ಟು ಬರುತ್ತೆ, ಗೊತ್ತಾ? ಒಮ್ಮೆ ಕೇಳಿ ನೋಡಿ.